ಆಲ್ಫೋನ್ಸನ ಅಮ್ಮನನ್ನು ಊರಿಗೆ ಕಳಿಸಿದ್ದು ನಾನೇ

ಸ್ವೀಡನ್‌ಗೆ ಬಂದು ಆರು ತಿಂಗಳಾಯಿತು, ನಾಲ್ಕು ವರ್ಷದ ಮಗ ಪ್ರಿಸ್ಕೂಲಿಂದ ತರುವ ಪುಸ್ತಕಗಳಲ್ಲಿ ಹುಡುಗರು ಗೊಂಬೆ ಆಡ್ತಾರೆ, ಹುಡುಗಿ ಕುದುರೆ ಎತ್ತುತ್ತಾಳೆ, ಅವನಿಗೆ ಗೊಂದಲ ಆಗಲ್ವಾ, ಯಾವುದನ್ನು ತಡೀಬೇಕು ಅಂತ ಕೇಳಿದ್ದೀರಿ. 2011ರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು. ಕೇಳೋಣ ಅಂದರೆ ಯಾರೂ ಇರಲಿಲ್ಲ. ನಾನೇ ಒಂದು ಉಪಾಯ ಮಾಡಿಕೊಂಡೆ. ಅದೊಂದನ್ನು ನೀವು ಮಾಡಬೇಡಿ.

ಕೆಲಸ ಸಿಕ್ಕಿದ್ದು ಹೆಂಡತಿಗೆ, ಗೋಥೆನ್‌ಬರ್ಗ್‌ನಲ್ಲಿ. ನಾನು ಬೆಂಗಳೂರಿನ ಕೆಲಸ ಬಿಟ್ಟು ಜೊತೆಗೆ ಹೋದವನು. ಬೆಳಿಗ್ಗೆ ಎಸ್‌ಎಫ್‌ಐ ಅಂತ ಹೊರಗಿನಿಂದ ಬಂದವರಿಗೆ ಪುಕ್ಕಟೆ ಸ್ವೀಡಿಷ್ ಪಾಠ. ಮಧ್ಯಾಹ್ನ ಮಗನನ್ನು ಕರ್ಕೊಂಡು ಬರೋದು, ಅನ್ನ ಸಾರು ಮಾಡೋದು, ರಾತ್ರಿ ಕತೆ ಓದೋದು. ಲೈಬ್ರರಿಯಿಂದ ಸ್ವೀಡಿಷ್ ಪುಸ್ತಕ ತಂದು, ನೋಡ್ತಾ ನೋಡ್ತಾ ಕನ್ನಡದಲ್ಲಿ ಹೇಳ್ತಿದ್ದೆ. ನನ್ನ ಭಾಷೆ ಕಲಿಕೆಯೂ ಆಗ್ತಿತ್ತು, ಅವನ ನಿದ್ದೆಯೂ ಆಗ್ತಿತ್ತು.

ಮೊದಲು ಸಿಕ್ಕವನು ಆಲ್ಫೋನ್ಸ್ ಓಬೆರಿ. ಗುನಿಲ್ಲಾ ಬೆರ್ಗ್‌ಸ್ಟ್ರೋಮ್ 1972ರಲ್ಲಿ ಶುರು ಮಾಡಿದ ಸರಣಿ. ಮೊದಲ ಪುಸ್ತಕದಲ್ಲಿ ಆಲ್ಫೋನ್ಸ್‌ಗೆ ನಾಲ್ಕು ವರ್ಷ, ನಿದ್ದೆ ಬರಲ್ಲ. ನೀರು ಬೇಕು, ಕರಡಿ ಗೊಂಬೆ ಬೇಕು. ಅಪ್ಪ ಓಡಾಡಿ ಓಡಾಡಿ ಕೊನೆಗೆ ನೆಲದ ಮೇಲೇ ಮಲಗಿಬಿಡ್ತಾನೆ. ಮನೆಯಲ್ಲಿ ಇರೋರು ಅಪ್ಪ, ಮಗ ಇಬ್ಬರೇ. ಅಮ್ಮ ಎಲ್ಲಿ ಅಂತ ಪುಸ್ತಕ ಹೇಳೋದೇ ಇಲ್ಲ. ಅದು ವಿಷಯವೇ ಅಲ್ಲ ಅನ್ನೋ ಹಾಗೆ ಕತೆ ನಡೀತದೆ.

ನನ್ನಿಂದ ಅದು ಆಗಲಿಲ್ಲ. ‘ಆಲ್ಫೋನ್ಸನ ಅಮ್ಮ ಊರಿಗೆ ಹೋಗಿದಾಳೆ, ನಾಳೆ ಬರ್ತಾಳೆ’ ಅಂತ ಒಂದು ಸಾಲು ಸೇರಿಸಿದೆ. ಪುಸ್ತಕದಲ್ಲಿ ಇಲ್ಲದ ಸಾಲು. ಮುಂದಿನ ಪುಸ್ತಕದಲ್ಲೂ ಅಮ್ಮ ಇಲ್ಲ. ಅದಕ್ಕೂ ಸೇರಿಸಿದೆ. ಹೀಗೆ ಒಂದಾದ ಮೇಲೊಂದು ಪುಸ್ತಕ. ಪಾಪ, ಆ ತಾಯಿ ಊರಿಂದ ವಾಪಸ್ ಬರಲೇ ಇಲ್ಲ.

ಯಾಕೆ ಸೇರಿಸಿದೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮಗನಿಗೆ ಬೇಜಾರಾಗುತ್ತೆ ಅಂತ ಹೆಂಡತಿ ಹತ್ತಿರ ಹೇಳಿದ್ದೆ. ಸುಳ್ಳು. ಅವನಿಗೆ ಏನೂ ಅನ್ನಿಸಿರಲಿಲ್ಲ, ಅವನು ನೋಡ್ತಿದ್ದದ್ದು ಕರಡಿಯನ್ನ. ಒಗ್ಗರಣೆ ಹಾಕೋನು ನಾನು, ಮಲಗಿಸೋನು ನಾನು. ಊರಿಂದ ಫೋನ್ ಬಂದರೆ ಮಾವ ‘ಕೆಲಸ ಸಿಕ್ತಾ?’ ಅಂತ ಕೇಳೋದು ನನ್ನನ್ನ. ಪುಸ್ತಕದ ಅಪ್ಪನ ಹಾಗೇ ನಾನು ಬದುಕ್ತಿದ್ದೆ, ಆದರೆ ಅದನ್ನು ತಾತ್ಕಾಲಿಕ ಮಾಡಬೇಕಿತ್ತು. ‘ನಾಳೆ ಬರ್ತಾಳೆ’ ಅಂದಿದ್ದು ನನಗೆ ನಾನೇ.

ಒಂದು ಸಲ ಹೆಂಡತಿ ಕೆಲಸದ ಮೇಲೆ ಒಂದು ವಾರ ಹೊರಗೆ ಹೋದಳು. ‘ನಾಳೆ ಬರ್ತಾಳೆ’ ಅಂತ ಮಗನಿಗೆ ಹೇಳಿದೆ. ಹುಡುಗ ಹೋ ಅಂತ ಅತ್ತ. ಆಲ್ಫೋನ್ಸನ ಅಮ್ಮನೂ ನಾಳೆ ಬರ್ತಾಳೆ ಅಂತ ಅಲ್ವಾ ಇದ್ದದ್ದು!

ಆಗಲೂ ನಾನು ನಿಲ್ಲಿಸಲಿಲ್ಲ. ಪೀಯಾ ಲಿಂಡೆನ್‌ಬೌಮ್ ಬರೆದ 2007ರ ಪುಸ್ತಕವೊಂದರಲ್ಲಿ ಕೆಂಟಾ ಅನ್ನೋ ಹುಡುಗ ಫುಟ್‌ಬಾಲ್ ಬಿಟ್ಟು ಬಾರ್ಬಿ ಆಡೋಕೆ ಹೋಗ್ತಾನೆ. ಬಾರ್ಬಿ ಅವನ ತಂಗಿಯದ್ದು ಅಂದೆ. ಅವನಿಗೊಬ್ಬಳು ತಂಗಿಯನ್ನೂ ಹುಟ್ಟಿಸಿದೆ.

2015ರಲ್ಲಿ ಮಗನಿಗೆ ಏಳು, ಓದೋಕೆ ಬಂತು. ಹಳೇ ಆಲ್ಫೋನ್ಸ್ ಪುಸ್ತಕ ತೆಗೆದು ಬೆರಳಿಟ್ಟುಕೊಂಡು ಓದಿದ. ಮತ್ತೆ ಮೊದಲಿಂದ ಹುಡುಕಿದ. ‘ಅಪ್ಪ, ಅಮ್ಮ ಎಲ್ಲಿದೆ ಇದರಲ್ಲಿ?’ ನಾನು ಏನೋ ತಡವರಿಸಿದೆ. ಅವತ್ತಿಂದ ‘ಬರೆದಿರೋ ಹಾಗೆ ಓದು’ ಅಂತ ಹಟ, ಅದೂ ಸ್ವೀಡಿಷ್‌ನಲ್ಲೇ. ಕನ್ನಡದಲ್ಲಿ ಹೇಳಿದರೆ ಅಪ್ಪ ಬದಲಾಯಿಸ್ತಾನೆ ಅಂತ ಅವನ ಲೆಕ್ಕ. ತಪ್ಪು ಅನ್ನೋಕೆ ಬರಲ್ಲ. ನಮ್ಮ ಮನೆಯಲ್ಲಿ ಕನ್ನಡದ ಕತೆ ನಿಂತಿದ್ದು ಹಾಗೆ.

ಹಾಗಾಗಿ ‘ಯಾವುದನ್ನು ತಡೀಬೇಕು’ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ತಡೆದರೂ ಅಷ್ಟೇ. ಹುಡುಗ ಹುಡುಗಿ ಅನ್ನೋ ಹಳೇ ಪಾತ್ರಗಳನ್ನು ಮುರೀಬೇಕು ಅಂತ ಅಲ್ಲಿನ ಪ್ರಿಸ್ಕೂಲ್ ಪಠ್ಯಕ್ರಮದಲ್ಲಿ 1998ರಿಂದಲೂ ಇದೆ. ನೀವು ಹೇಳಿದ ಕುದುರೆ ಎತ್ತುವ ಹುಡುಗಿ, ಆಸ್ಟ್ರಿಡ್ ಲಿಂಡ್‌ಗ್ರೆನ್ ಬರೆದ ಪಿಪ್ಪಿ, ಬಂದಿದ್ದು 1945ರಲ್ಲಿ. ಮರುವರ್ಷವೇ ಒಬ್ಬ ಪ್ರೊಫೆಸರ್ ಪತ್ರಿಕೆಯಲ್ಲಿ ಅವಳನ್ನು ಚೆನ್ನಾಗಿ ಬೈದಿದ್ದರು. ಆ ಪುಸ್ತಕ ಓದಿದ ಮಕ್ಕಳು ಈಗ ಅಜ್ಜಿ ತಾತ ಆಗಿದ್ದಾರೆ, ಚೆನ್ನಾಗೇ ಇದ್ದಾರೆ.

ಗೊಂದಲ ಅಂದಿರಲ್ಲ, ಅದಕ್ಕೊಂದು ತಮಾಷೆ. 2012ರಲ್ಲಿ ‘ಕಿವಿ ಮತ್ತು ರಾಕ್ಷಸ ನಾಯಿ’ ಅಂತ ಒಂದು ಪುಸ್ತಕ ಬಂತು. ಕಿವಿ ಅನ್ನೋದು ಮಗುವಿನ ಹೆಸರು, ನಮ್ಮವನು ಅದಕ್ಕೇ ಬಿದ್ದು ಬಿದ್ದು ನಕ್ಕ. ಕಿವಿ ಹುಡುಗನೋ ಹುಡುಗಿಯೋ ಅಂತ ಎಲ್ಲೂ ಹೇಳಲ್ಲ. ಅವನು, ಅವಳು ಎರಡರ ಬದಲು ‘ಹೆನ್’ ಅಂತ ಬರೆದಿದ್ದಾರೆ. ಆ ಪದದ ಮೇಲೆ ದೇಶಕ್ಕೆ ದೇಶವೇ ಜಗಳ ಆಡಿತು. 2015ರಲ್ಲಿ ಸ್ವೀಡಿಷ್ ಅಕಾಡೆಮಿಯ ಪದಪಟ್ಟಿಗೂ ಸೇರಿತು. ನಾನು ಬೆವರು ಸುರಿಸಿಕೊಂಡು ಕೂತೆ, ಇದನ್ನು ಹೇಗಪ್ಪಾ ಹೇಳೋದು ಅಂತ. ಬಾಯಲ್ಲಿ ತಾನಾಗೇ ಬಂತು: ಮಗು ಬಂತು, ಮಗು ಅತ್ತಿತು, ಅದಕ್ಕೆ ನಾಯಿ ಬೇಕಂತೆ. ನಮ್ಮಜ್ಜಿ ಹೇಳ್ತಿದ್ದ ಹಾಗೇ! ಆ ಒಂದು ಪುಸ್ತಕಕ್ಕೆ ಮಾತ್ರ ನಾನು ಏನೂ ಸೇರಿಸಲಿಲ್ಲ.

ನಿಮ್ಮ ಮಗ ಏನು ತಂದರೂ ಓದಿ, ಕನ್ನಡದಲ್ಲೇ ಓದಿ, ಇದ್ದ ಹಾಗೆ ಓದಿ. ಆಲ್ಫೋನ್ಸನ ಅಮ್ಮ ಎಲ್ಲಿ ಅಂತ ಕೇಳಿದರೆ ‘ಬರೆದಿಲ್ಲ ಕಣೋ’ ಅಂದರೆ ಸಾಕು.

ಎಂಟನೇ ಕ್ಲಾಸಲ್ಲಿ ನಮ್ಮವನು ಯೆಸ್ಸಿಕಾ ಶೀಫೌವರ್ ಅವರ ‘ಹುಡುಗರು’ ಕಾದಂಬರಿ ತಂದಿದ್ದ. 2011ರಲ್ಲಿ ಆಗಸ್ಟ್ ಪ್ರಶಸ್ತಿ ಅಂತ ಸ್ವೀಡನ್ನಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದಿದ್ದು. ಮೂವರು ಹುಡುಗಿಯರು ಒಂದು ಹೂವಿನ ರಸ ಕುಡಿದು ರಾತ್ರಿ ಹೊತ್ತು ಹುಡುಗರಾಗ್ತಾರೆ. ಓದಿ ಮುಗಿಸಿ ನನ್ನ ರೂಮಿಗೆ ಬಂದ. ತುಂಬಾ ಮಾತಾಡೋದಿತ್ತು ಅವನಿಗೆ. ಸ್ವೀಡಿಷ್‌ನಲ್ಲಿ ಶುರು ಮಾಡಿದ. ಹತ್ತು ನಿಮಿಷಕ್ಕೆ ನನ್ನ ಪದಗಳು ಮುಗಿದವು.