ನಾವು ಕನ್ನಡದ ಎಂಪಿಯನ್ನು ಯಾಕೆ ಗೆಲ್ಲಿಸಲಿಲ್ಲ ಅಂತ ಕೇಳಿದೆಯಲ್ಲ

ಮೊನ್ನೆ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಒಂದು, "ಕೇರಳದವನಾಗಿ ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀಯ ಮಾರಾಯ" ಅಂತ. ಇನ್ನೊಂದು, "ನಿಮಗೆ ಕನ್ನಡ ಅಷ್ಟು ಮುಖ್ಯವಾಗಿದ್ದರೆ ಒಬ್ಬ ಕನ್ನಡದ ಎಂಪಿಯನ್ನಾದರೂ ಗೆಲ್ಲಿಸಬಹುದಿತ್ತಲ್ವಾ" ಅಂತ. ನೀನು ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಉತ್ತರ ಸಣ್ಣದು. ನಾನು ಕನ್ನಡ ಕಲಿತದ್ದಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯಲ್ಲಿ ಅ ಆ ಇ ಈ ಬರೆದವನು. ನನ್ನ ಅಪ್ಪನೂ ಅಲ್ಲೇ ಓದಿದವರು. ಕುಂಬಳೆ ಸೀಮೆಯ ಪಾರ್ತಿಸುಬ್ಬ ಯಕ್ಷಗಾನದ ಪ್ರಸಂಗ ಕಟ್ಟುವಾಗ ಇಲ್ಲಿ ಕೇರಳ ಅನ್ನುವ ರಾಜ್ಯವೂ ಇರಲಿಲ್ಲ, ಕರ್ನಾಟಕ ಅನ್ನುವ ರಾಜ್ಯವೂ ಇರಲಿಲ್ಲ. ಮದ್ರಾಸ್ ಸರಕಾರ 1949ರಲ್ಲಿ ರಾಷ್ಟ್ರಕವಿ ಅಂತ ಗೌರವಿಸಿದ ಗೋವಿಂದ ಪೈಗಳ ಮನೆ ಮಂಜೇಶ್ವರದಲ್ಲಿ. ನೀನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಗೆ ನಮ್ಮಲ್ಲಿಂದ ನಡೆದು ಹೋಗಬಹುದು.

ಎರಡನೆಯದಕ್ಕೆ ಮಾತ್ರ 1952ಕ್ಕೆ ಹೋಗಬೇಕು.

ಆಗ ಕಾಸರಗೋಡು ಅಂದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿಯ ತಾಲೂಕು. ಮೊದಲ ಲೋಕಸಭೆಗೆ ಈ ಜಿಲ್ಲೆಯಲ್ಲಿ ಎರಡು ಕ್ಷೇತ್ರ ಮಾಡಿದ್ದರು. ಒಂದು ದಕ್ಷಿಣ ಕನ್ನಡ ಉತ್ತರ, ಇನ್ನೊಂದು ದಕ್ಷಿಣ ಕನ್ನಡ ದಕ್ಷಿಣ. ಹೆಸರು ಕೇಳಿದರೆ ಗೊಂದಲ ಆಗುತ್ತದೆ, ಆದರೆ ನಮ್ಮ ಅಜ್ಜನ ಕಾಲದವರಿಗೆ ಅದರಲ್ಲಿ ಗೊಂದಲವೇ ಇರಲಿಲ್ಲ. ಜಿಲ್ಲೆ ನಮ್ಮದು, ನಾವು ಅದರ ದಕ್ಷಿಣದವರು, ಅಷ್ಟೇ. ಉತ್ತರದಲ್ಲಿ ಗೆದ್ದವರು ಉಳ್ಳಾಲ ಶ್ರೀನಿವಾಸ ಮಲ್ಯರು. ನೀನು ಓದಿದೆಯಲ್ಲ ಸುರತ್ಕಲ್ ಎಂಜಿನಿಯರಿಂಗ್ ಕಾಲೇಜು, ಅದು ಬರಲಿ ಅಂತ ದೆಹಲಿಗೆ ಓಡಾಡಿದವರು. ದಕ್ಷಿಣದಲ್ಲಿ, ಅಂದರೆ ನಮ್ಮ ಕಡೆ, ಗೆದ್ದವರು ಬೆನಗಲ್ ಶಿವರಾವ್. ದೆಹಲಿಯಲ್ಲಿ ಪತ್ರಕರ್ತರಾಗಿದ್ದವರು, ಸಂವಿಧಾನ ಸಭೆಯಲ್ಲಿ ಕೂತವರು, ಮುಂದೆ ಆ ಸಂವಿಧಾನ ಹೇಗೆ ರೂಪುಗೊಂಡಿತು ಅನ್ನುವ ದಾಖಲೆಗಳನ್ನೆಲ್ಲ ಒಟ್ಟು ಮಾಡಿ ಸಂಪುಟಗಳಾಗಿ ತಂದವರು. ಅವರ ಅಣ್ಣ ಬಿ.ಎನ್. ರಾವ್ ಅದೇ ಸಭೆಯ ಸಲಹೆಗಾರರು. ಅಂಥವರು ನಮ್ಮ ಎಂಪಿ ಆಗಿದ್ದರು ಅಂತ ಇಲ್ಲಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ನನಗೆ ಅದು ಬೇಜಾರು.

ಅಜ್ಜ ಆ ಚುನಾವಣೆಯಲ್ಲಿ ಓಟು ಹಾಕಿದವರು. ಆಗ ಚೀಟಿಯಲ್ಲಿ ಗುರುತು ಒತ್ತುವುದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿದ್ದು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಜೋಡೆತ್ತಿನ ಪೆಟ್ಟಿಗೆಯ ಎದುರು ನಿಂತು ಕೈಮುಗಿದು ಚೀಟಿ ಹಾಕಿದ ಹೆಂಗಸರನ್ನು ಅಜ್ಜ ನೋಡಿದ್ದರಂತೆ. ಅಪ್ಪ ಈಗಲೂ ಇದನ್ನು ಅಜ್ಜನ ದನಿಯಲ್ಲೇ ಹೇಳುತ್ತಾರೆ.

ಆ ಕ್ಷೇತ್ರ ಬದುಕಿದ್ದು ಒಂದೇ ಚುನಾವಣೆಯಷ್ಟು ಕಾಲ. 1953ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು, 1955ರಲ್ಲಿ ವರದಿ ಕೊಟ್ಟಿತು. ಸಾಮಾನ್ಯವಾಗಿ ಜಿಲ್ಲೆಯನ್ನು ಇಡಿಯಾಗಿ ನೋಡುತ್ತೇವೆ ಅಂದ ಆಯೋಗ ನಮ್ಮಲ್ಲಿ ತಾಲೂಕನ್ನು ಬೇರೆ ಮಾಡಿ ನೋಡಿತು. ಇಡೀ ತಾಲೂಕಿನ ಲೆಕ್ಕದಲ್ಲಿ ಮಲಯಾಳಂ ಮನೆಮಾತಿನವರು ಜಾಸ್ತಿ, ಅದು ಸುಳ್ಳಲ್ಲ. ಆದರೆ ಚಂದ್ರಗಿರಿ ಹೊಳೆಯ ತೆಂಕಿನ ಮಲಯಾಳಂ ಕಡೆಗೂ ಬಡಗಿನ ನಮ್ಮ ಕಡೆಗೂ ಒಂದೇ ಲೆಕ್ಕ ಹಾಕಿದರೆ ಹೇಗೆ? ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಓದಿ ಪತ್ರ ವ್ಯವಹಾರವನ್ನೆಲ್ಲ ಕನ್ನಡದಲ್ಲಿ ಮಾಡುವವರನ್ನು ಜನಗಣತಿ ತುಳು ಅಂತ ಬೇರೆಯೇ ಬರೆದುಕೊಂಡರೆ ಕನ್ನಡದ ಸಂಖ್ಯೆ ಎಲ್ಲಿ ಉಳಿಯುತ್ತದೆ? 1956ರ ನವೆಂಬರ್ 1ರಂದು, ನೀವು ರಾಜ್ಯೋತ್ಸವ ಅಂತ ಆಚರಿಸುವ ಅದೇ ದಿನ, ನಾವು ಕೇರಳಕ್ಕೆ ಹೋದೆವು. ಅಪ್ಪನಿಗೆ ಆಗ 10 ವರ್ಷ. ಅಜ್ಜ ಆ ದಿನ ಊಟ ಮಾಡಲಿಲ್ಲ ಅನ್ನುವುದೊಂದೇ ಅಪ್ಪನಿಗೆ ನೆನಪು.

ನಾಲ್ಕೇ ತಿಂಗಳಲ್ಲಿ, 1957ರ ಮೊದಲಲ್ಲಿ, ಮತ್ತೆ ಚುನಾವಣೆ. ಹೊಳೆಯಾಚೆಯ ಊರುಗಳನ್ನೂ ಸೇರಿಸಿ ಕಾಸರಗೋಡು ಅನ್ನುವ ಹೊಸ ಲೋಕಸಭಾ ಕ್ಷೇತ್ರ ಆಯಿತು. ಗೆದ್ದವರು ಎ.ಕೆ. ಗೋಪಾಲನ್, ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕರು. 1962ರಲ್ಲೂ 1967ರಲ್ಲೂ ಅವರೇ. ಅತ್ತ ಮಂಗಳೂರು ಮೈಸೂರು ರಾಜ್ಯದಲ್ಲಿ ಬೇರೆಯೇ ಕ್ಷೇತ್ರವಾಯಿತು. ಐದು ವರ್ಷದ ಹಿಂದೆ ಒಟ್ಟಿಗೆ ಓಟು ಹಾಕಿದ್ದ ಮಾವ ಮತ್ತು ಅಳಿಯ, ಒಬ್ಬರು ಪುತ್ತೂರು ಒಬ್ಬರು ಪೆರ್ಲ, ಬೇರೆ ಬೇರೆ ರಾಜ್ಯದ ಮತದಾರರಾದರು. ನಮ್ಮ ಕುಟುಂಬದಲ್ಲೇ ಆದದ್ದು ಇದು.

ಆದರೂ ಅದೇ 1957ರಲ್ಲಿ ಮಂಜೇಶ್ವರ ವಿಧಾನಸಭೆಗೆ ಏನಾಯಿತು ಗೊತ್ತಾ? ಕಾಸರಗೋಡನ್ನು ಕನ್ನಡ ನಾಡಿನ ಜೊತೆ ವಿಲೀನ ಮಾಡಬೇಕು ಅಂತ ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಬೆಂಬಲದಿಂದ ಉಮೇಶ ರಾವ್ ನಿಂತರು, ಎದುರಿಗೆ ಯಾರೂ ಇಲ್ಲದೆ ಅವಿರೋಧವಾಗಿ ಗೆದ್ದರು. ಕೇರಳದ ಮೊದಲ ವಿಧಾನಸಭೆಗೆ ಹಾಗೆ ಹೋದವರು ಅವರು. ಅವರ ನಂತರ ಕಳ್ಳಿಗೆ ಮಹಾಬಲ ಭಂಡಾರಿಗಳು ಅದೇ ದನಿ ಎತ್ತಿದರು. ಎಂಪಿ ವಿಷಯಕ್ಕೇ ಬಂದರೂ ನಿನ್ನ ಮಾತು ಸರಿಯಲ್ಲ. ಎಂ. ರಾಮಣ್ಣ ರೈ 1980, 1989, 1991ರಲ್ಲಿ ಗೆದ್ದರು. ಐ. ರಾಮ ರೈ 1984ರಲ್ಲಿ ಗೆದ್ದರು. ಒಬ್ಬರು ಸಿಪಿಎಂ, ಒಬ್ಬರು ಕಾಂಗ್ರೆಸ್, ಇಬ್ಬರೂ ನಮ್ಮ ಕಡೆಯವರೇ. ಇವತ್ತಿನ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರ ಇದೆ, ಪಯ್ಯನ್ನೂರು, ಕಲ್ಯಾಶ್ಶೇರಿ ಎರಡೂ ಕಣ್ಣೂರು ಜಿಲ್ಲೆಯವು. ಕನ್ನಡದವರು ಹೆಚ್ಚಿರುವುದು ಮಂಜೇಶ್ವರ, ಕಾಸರಗೋಡು ಎರಡರಲ್ಲಿ. ಹೇಳು, ನಾವು ಒಬ್ಬನನ್ನು ಗೆಲ್ಲಿಸುವುದು ಹೇಗೆ?

ರಾಜ್ಯಗಳ ಗಡಿ ತಕರಾರು ನೋಡಲು ಕೂರಿಸಿದ ಮಹಾಜನ ಆಯೋಗದ ಕತೆ ನಿನಗೆ ಬೆಳಗಾವಿ ಕಡೆಯಿಂದ ಗೊತ್ತಿರಬೇಕು. 1967ರಲ್ಲಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ, ಅಂದರೆ ಆಗಿನ ಮೈಸೂರು ರಾಜ್ಯಕ್ಕೆ, ಸೇರಬೇಕು ಅಂತ ಆ ಆಯೋಗ ಹೇಳಿತು. ಕೇರಳ ಒಪ್ಪಲಿಲ್ಲ. ವರದಿ ಕಪಾಟು ಸೇರಿತು. ಬೆಳಗಾವಿ ಅಂದಾಗ ಆ ವರದಿಯನ್ನು ಎತ್ತಿ ಹಿಡಿಯುವ ನಿಮ್ಮವರು ಕಾಸರಗೋಡಿನ ಪುಟವನ್ನೂ ಒಮ್ಮೆ ತೆರೆದು ಓದಿದರೆ ಚೆನ್ನ.

ಇದೆಲ್ಲ ಇತಿಹಾಸ. ನಮ್ಮ ದಿನನಿತ್ಯದ ಗುದ್ದಾಟ ಬೇರೆ. ಅದು ಕಾಗದಪತ್ರದ್ದು.

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಆಸ್ತಿ ಪತ್ರಗಳಿವೆ. ಎಲ್ಲ ಕನ್ನಡದಲ್ಲಿ, ಮೋಡಿ ಥರದ ಕೂಡಕ್ಷರದಲ್ಲಿ. ಕಾಸರಗೋಡಿನಲ್ಲೇ ನೋಂದಣಿ ಆದದ್ದು. ವರ್ಗ ಜಮೀನು (ಕಂದಾಯ ಕಟ್ಟುವ ಸ್ವಂತ ಹಿಡುವಳಿ), ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷವರ್ಷದ ಗೇಣಿ), ಕುಮ್ಕಿ, ಇವೆಲ್ಲ ಹಳೆಯ ದಕ್ಷಿಣ ಕನ್ನಡದ ಮಾತು. ವರ್ಗ ಜಾಗದ ಅಂಚಿನಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ, ದನ ಮೇಯಿಸುವ ಹಕ್ಕಿಗೆ ಕುಮ್ಕಿ ಅನ್ನುತ್ತಾರೆ. ಮಂಗಳೂರಿನ ತಾಲೂಕು ಕಚೇರಿಯಲ್ಲಿ ಹೇಳಿದರೆ ಗುಮಾಸ್ತ ತಲೆಯಾಡಿಸುತ್ತಾನೆ. ಇಲ್ಲಿ 500 ಕಿಲೋಮೀಟರ್ ದಕ್ಷಿಣದಿಂದ ವರ್ಗವಾಗಿ ಬಂದ ಅಧಿಕಾರಿಗೆ ಅದನ್ನು ಮೊದಲಿನಿಂದ ವಿವರಿಸಬೇಕು. ಅವನಿಗೆ ಅರ್ಥವಾಗುವ ಹೊತ್ತಿಗೆ ಅವನಿಗೆ ವರ್ಗ ಆಗುತ್ತದೆ. ಹೊಸಬ ಬರುತ್ತಾನೆ. ಮತ್ತೆ ಮೊದಲಿನಿಂದ.

ಮೂರು ವರ್ಷದ ಹಿಂದೆ ತಮ್ಮನ ಪಾಲು ಬೇರೆ ಮಾಡಲು ಹೋದಾಗ ಕಚೇರಿಯಲ್ಲಿ ಪತ್ರವನ್ನು ತಿರುಗಿಸಿ ನೋಡಿ, "ಇದಾರ್ ವಾಯಿಕ್ಕುಂ?" ಅಂದರು. ಇದನ್ನು ಯಾರು ಓದುತ್ತಾರೆ ಅಂತ. ಮಲಯಾಳಂಗೆ ಅನುವಾದ ಮಾಡಿಸಿ ತನ್ನಿ ಅಂದರು. ದುಡ್ಡು ಕೊಟ್ಟು ಮಾಡಿಸಿದೆವು. ನಮ್ಮಲ್ಲಿ ಗದ್ದೆ ಮೂರು ಬಗೆ. ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆ ನೀರಿಗೆ ಒಂದೇ ಬೆಳೆ ಬೆಳೆಯುವ ಮೇಲಿನದು ಬೆಟ್ಟು. ಅನುವಾದ ಮಾಡಿದಾತ ಬೆಟ್ಟು ಅಂದರೆ ಬೆಟ್ಟ ಅಂದುಕೊಂಡ. ಮಲಯಾಳಂನಲ್ಲಿ 'ಕುನ್ನ್' ಅಂತ ಬರೆದ. ಅಂದರೆ ಗುಡ್ಡ.

ನಿನಗೆ ಇದು ಒಂದು ಅಕ್ಷರದ ತಪ್ಪು ಅನ್ನಿಸಬಹುದು. ಆದರೆ ಕೇರಳದಲ್ಲಿ 2008ರಿಂದ ಗದ್ದೆ ಉಳಿಸುವ ಕಾನೂನಿದೆ. ಜಾಗ 'ನಿಲಂ', ಅಂದರೆ ಗದ್ದೆ, ಅಂತ ತೆರಿಗೆ ರಿಜಿಸ್ಟರಿನಲ್ಲಿದ್ದರೆ ಅದಕ್ಕೆ ಒಂದು ದಾರಿ. 'ಪುರಯಿಡಂ', ಅಂದರೆ ಮನೆ ತೋಟದ ಜಾಗ, ಅಂತಿದ್ದರೆ ಬೇರೆ ದಾರಿ. ರಿಜಿಸ್ಟರಿನಲ್ಲಿ ಗದ್ದೆ, ಅನುವಾದದಲ್ಲಿ ಗುಡ್ಡ. ನಾವು ಗದ್ದೆಯನ್ನು ಗುಡ್ಡ ಅಂತ ತೋರಿಸಿ ಮೋಸ ಮಾಡಲು ಹೊರಟಿದ್ದೇವೆ ಅನ್ನುವಂತೆ ನೋಡಿದರು. ಹತ್ತಿರಹತ್ತಿರ ಎಂಟು ದಶಕ ಇದೇ ಮಣ್ಣಿನಲ್ಲಿ ಬಾಳಿದ ಅಪ್ಪ ಆ ಕೌಂಟರಿನ ಎದುರು ನಿಂತು ಕಣ್ಣು ಒರೆಸಿಕೊಂಡರು. ಅದನ್ನು ನಾನು ಮರೆಯುವುದಿಲ್ಲ.

ಕಾನೂನು ನಮ್ಮ ಪರ ಇಲ್ಲ ಅಂತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತಿದೆ. ಕನ್ನಡ ಬಲ್ಲವರಿಗೆ ಅಂತಲೇ ಗುಮಾಸ್ತರ ಹುದ್ದೆಗಳೂ ಇವೆ. ಆ ಮೇಜಿನಲ್ಲಿ ಜನ ಇದ್ದ ದಿನ ಹೋದರೆ ಕೆಲಸ ಹೂವೆತ್ತಿದ ಹಾಗೆ ಆಗುತ್ತದೆ. ಇಲ್ಲದ ದಿನಗಳೇ ಜಾಸ್ತಿ.

ಒಂದು ಮಾತು ನೀನು ತಪ್ಪು ತಿಳಿಯಬೇಡ. ಮಲಯಾಳಂ ಮೇಲೆ ನನಗೆ ಸಿಟ್ಟಿಲ್ಲ. ನಾನು ಅದನ್ನು ಓದುತ್ತೇನೆ, ಬರೆಯುತ್ತೇನೆ. ನಮ್ಮ ಪಕ್ಕದ ಮನೆಯವರು ಬ್ಯಾರಿ ಮಾತಾಡುತ್ತಾರೆ, ಅದರಾಚೆ ಕೊಂಕಣಿ, ಮರಾಠಿ. ಸಪ್ತಭಾಷಾ ಸಂಗಮ ಭೂಮಿ ಅಂತ ಸುಮ್ನೆ ಕರೆಯುವುದಲ್ಲ. 2021ರಲ್ಲಿ ಮಂಜೇಶ್ವರದಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಟಿವಿ ನೋಡುತ್ತಿದ್ದ ಅಪ್ಪ ಎದ್ದು ನಿಂತರು. ಎಡನೀರು ಮಠ ನಮ್ಮಲ್ಲಿಂದ ಹತ್ತಿರ. ಅಲ್ಲಿನ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂ ಕಾನೂನಿನ ವಿರುದ್ಧ ಹಾಕಿದ ಮೊಕದ್ದಮೆಯಲ್ಲೇ 1973ರಲ್ಲಿ 13 ನ್ಯಾಯಮೂರ್ತಿಗಳು ಕೂತು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಅಂತ ತೀರ್ಪು ಕೊಟ್ಟದ್ದು. ದೇಶಕ್ಕೆಲ್ಲ ಬೇಕಾದ ಆ ತೀರ್ಪು ಶುರುವಾದದ್ದು ನಮ್ಮೂರಿನ ಜಾಗದ ಕಾಗದದಿಂದ.

ಮತ್ತೆ ಕರ್ನಾಟಕ ನಮ್ಮದು ಅಂದುಕೊಂಡವರಿಗೆ 2020ರ ಮಾರ್ಚ್ ತಿಂಗಳು ಇನ್ನೊಂದು ಪೆಟ್ಟು ಕೊಟ್ಟಿತು. ಕೊರೊನಾ ಬಂದಾಗ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದರು. ನಮ್ಮ ಆಸ್ಪತ್ರೆ ಅಂದರೆ ಅಜ್ಜನ ಕಾಲದಿಂದಲೂ ಮಂಗಳೂರು, ಕಾಸರಗೋಡಿನಿಂದ 50 ಕಿಲೋಮೀಟರ್. ಅಲ್ಲಿಗೆ ತಲುಪಲಾಗದೆ ಜನ ಸತ್ತರು. ಅತ್ತಲವರಿಗೆ ನಾವು ಕೇರಳದವರು, ಇತ್ತಲವರಿಗೆ ಕನ್ನಡದವರು. ಅವತ್ತು ಕಯ್ಯಾರರು ಇದ್ದಿದ್ದರೆ ಏನು ಹೇಳುತ್ತಿದ್ದರೋ ಅಂತ ಅಪ್ಪ ಕೇಳಿದರು. ಕರ್ನಾಟಕದಲ್ಲಿ ಸೇರುವ ಕನಸು ಇಟ್ಟುಕೊಂಡೇ ಅವರು 2015ರಲ್ಲಿ, 100 ತುಂಬಿದ ಮೇಲೆ, ಹೋದರು.

ಈಗ ನಮ್ಮ ಕೆಲಸ ಹೀಗೆ ನಡೆಯುತ್ತಿದೆ. ರಾತ್ರಿ ಊಟ ಆದ ಮೇಲೆ ಅಪ್ಪ ಭೂತಗನ್ನಡಿ ಹಿಡಿದು ಹಳೆಯ ಪತ್ರವನ್ನು ಸಾಲುಸಾಲಾಗಿ ಓದುತ್ತಾರೆ. ನನ್ನ ಮಗಳು ಶಾಲೆಯಲ್ಲಿ ಕನ್ನಡವನ್ನೂ ಮಲಯಾಳಂ ಅನ್ನೂ ಕಲಿಯುತ್ತಿದ್ದಾಳೆ, ಅವಳು ಬರೆದುಕೊಳ್ಳುತ್ತಾಳೆ. ಬೆಟ್ಟು ಬಂದಾಗ ಇಬ್ಬರೂ ನಿಲ್ಲುತ್ತಾರೆ. ಅದಕ್ಕೆ ಸರಿಯಾದ ಮಲಯಾಳಂ ಮಾತು ಸಿಗದೆ ಅವಳು 'ಬೆಟ್ಟು' ಅಂತಲೇ ಮಲಯಾಳಂ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಮಳೆ ನೀರಿನ ಒಂದು ಬೆಳೆಯ ಗದ್ದೆ ಅಂತ ವಿವರ ಹಾಕಿದ್ದಾಳೆ. ಒಟ್ಟು ಒಂಬತ್ತು ಪತ್ರ, ಆರು ಮುಗಿದಿವೆ. ಮುಂದಿನ ಸೋಮವಾರ ಮತ್ತೆ ಕಚೇರಿಗೆ ಹೋಗುತ್ತಿದ್ದೇವೆ. ಈ ಸಲ ಅಪ್ಪನನ್ನು ಮನೆಯಲ್ಲೇ ಬಿಟ್ಟು ಹೋಗೋಣ ಅಂದೆ. ಅವರು ಒಪ್ಪುತ್ತಿಲ್ಲ, ಪತ್ರ ಓದಲು ಯಾರಾದರೂ ಬೇಕಲ್ಲ ಅನ್ನುತ್ತಾರೆ.