ಮಳೆ ಹಿಡಿಯುವ ಮುಂಚೆ ಮನೆ ಬದಲಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಏಪ್ರಿಲ್ ಬಂತೆಂದರೆ ವರ್ಗಾವಣೆ, ಮಕ್ಕಳ ಶಾಲೆ, ಬಾಡಿಗೆ ಕರಾರಿನ ಕೊನೆ ಎಲ್ಲವೂ ಒಟ್ಟಿಗೇ ಬರುತ್ತವೆ. ಕೊಡಗಿನ ಬೇರೆಬೇರೆ ಊರುಗಳಿಂದ ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಮಡಿಕೇರಿಯಿಂದ ಬೆಂಗಳೂರಿಗೆ ಹೋಗಬೇಕು. ಎರಡು ಕೋಣೆಯ ಮನೆ, ನಾಲ್ಕು ಜನ. ಮೇ ತಿಂಗಳಲ್ಲೋ ಜೂನ್ ಮಧ್ಯಕ್ಕೋ ತೀರ್ಮಾನವಾಗಿಲ್ಲ. ಪ್ಯಾಕಿಂಗ್ ಎಷ್ಟು ದಿನ ಮುಂಚೆ ಶುರು ಮಾಡಬೇಕು? (ಮಡಿಕೇರಿಯ ಓದುಗರು)

ಉತ್ತರ: ಆಗುವುದಾದರೆ ಮೇ 20ರೊಳಗೆ ಹೊರಟುಬಿಡಿ. ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಮುಂಗಾರು ಹಿಡಿದ ಮೇಲೆ ಹಾಸಿಗೆ, ಬಟ್ಟೆ, ಪುಸ್ತಕ ಯಾವುದೂ ಒಣಗುವುದಿಲ್ಲ. ಪಸೆ ಇರುವ ಸಾಮಾನಿಗೆ ಪ್ಲಾಸ್ಟಿಕ್ ಸುತ್ತಿ ಲಾರಿಗೆ ಹಾಕಿದರೆ ಬಯಲುಸೀಮೆಯ ಬಿಸಿಗೆ ಒಳಗಿನ ನೀರು ಆವಿಯಾಗುತ್ತದೆ, ರಾತ್ರಿಯ ತಂಪಿಗೆ ಅದೇ ನೀರು ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಟ್ಟುತ್ತದೆ. ಹೊಸ ಮನೆಯಲ್ಲಿ ನಾಲ್ಕು ದಿನ ಬಿಚ್ಚದೆ ಇಟ್ಟರೆ ಬೂಷ್ಟು ಖಂಡಿತ. ಹಾಗಾಗಿ ಕಟ್ಟುವ ಕೆಲಸಕ್ಕಿಂತ ಮುಂಚೆ ಒಣಗಿಸುವ ಕೆಲಸ ಇಟ್ಟುಕೊಳ್ಳಿ, ಹೊರಡುವ ನಾಲ್ಕು ವಾರ ಮುಂಚೆಯೇ.

ಮೊದಲ ವಾರ ಅಟ್ಟ ಇಳಿಸಿ. ಬೇಡದ್ದನ್ನು ಕೊಡುವುದು, ಗುಜರಿಗೆ ಹಾಕುವುದು ಆಗಲೇ ಮುಗಿಯಲಿ. ಒಯ್ಯದ ಸಾಮಾನಿಗೆ ಲಾರಿಯಲ್ಲಿ ಜಾಗವೂ ಬೇಡ, ಹಣವೂ ಬೇಡ. ಹತ್ತಿ ಹಾಸಿಗೆಗೆ ಎರಡು ಪೂರ್ತಿ ದಿನದ ಬಿಸಿಲು ಬೇಕು, ಮಧ್ಯಾಹ್ನ ಮಗುಚಿ ಹಾಕಬೇಕು. ತೆಂಗಿನ ನಾರಿನ ಹಾಸಿಗೆಗೆ ಒಂದು ದಿನ ಸಾಕು. ಫೋಮ್ ಹಾಸಿಗೆಯನ್ನು ನೆರಳಲ್ಲಿ ಗಾಳಿಗೆ ನಿಲ್ಲಿಸಿ, ಬಿಸಿಲಿಗೆ ಅದು ಪುಡಿಯಾಗುತ್ತದೆ. ಕಾಫಿ ಒಣಗಿಸುವ ಕಣ ಇರುವ ಪರಿಚಯದವರ ಮನೆಯಿದ್ದರೆ ಕೇಳಿಕೊಳ್ಳಿ. ಕಾದ ಸಿಮೆಂಟು ನೆಲ ಕೆಳಗಿನಿಂದಲೂ ಒಣಗಿಸುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ನೆರಳಿಗೆ ತಂದು ಅರ್ಧ ಗಂಟೆ ಬಿಟ್ಟು, ಹಾಸಿಗೆಯ ಅಂಚಿನ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿ. ಅಂಗೈಗೆ ತಿಳಿಯದ ಪಸೆ ಕೆನ್ನೆಗೆ ತಣ್ಣಗೆ ತಾಗುತ್ತದೆ.

ಬೀರು, ಕಪಾಟುಗಳ ಹಿಂಬದಿಯನ್ನು ಯಾರೂ ನೋಡುವುದಿಲ್ಲ. ಗೋಡೆಗೆ ಅಂಟಿ ನಿಂತ ಆ ಹಲಗೆಯಲ್ಲೇ ಬೂಷ್ಟು ಮನೆ ಮಾಡಿರುತ್ತದೆ. ಅದನ್ನು ಒಣ ಬಟ್ಟೆಯಿಂದ ಕೊಡವಿದರೆ ಕಣಗಳು ಹಾರಿ ಬಟ್ಟೆಬರೆಗೆ ಸೇರುತ್ತವೆ. ಅಂಗಳಕ್ಕೆ ತಂದು, ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಗಾಳಿಗೆ ಬಿಡಿ.

ನಿಮ್ಮ ಮನೆಗೆ 45ರಿಂದ 60 ರಟ್ಟಿನ ಪೆಟ್ಟಿಗೆ ಹಿಡಿಯಬಹುದು. ಪುಸ್ತಕಕ್ಕೆ ಸಣ್ಣ ಪೆಟ್ಟಿಗೆಯೇ ಸರಿ, ಒಂದರಲ್ಲಿ 15 ಕೆ.ಜಿ. ಮೀರದಿರಲಿ, ಮೀರಿದರೆ ತಳ ಕಳಚುತ್ತದೆ. ತಳದ ನಡುಗೆರೆಗೆ ಎರಡು ಇಂಚಿನ ಟೇಪು ಎರಡು ಸುತ್ತು, ಆಮೇಲೆ ಎರಡೂ ಅಂಚಿಗೆ ಅಡ್ಡಲಾಗಿ ಒಂದೊಂದು. ಪೆಟ್ಟಿಗೆಯ ನಂಬರು, ಸೇರಬೇಕಾದ ಕೋಣೆ ಎರಡನ್ನೂ ಎರಡು ಪಕ್ಕಗಳಲ್ಲಿ ಬರೆಯಿರಿ. ಮೇಲ್ಭಾಗದಲ್ಲಿ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣುವುದಿಲ್ಲ. ರೇಷ್ಮೆ ಸೀರೆಗೆ ಪತ್ರಿಕೆ ಸುತ್ತಬೇಡಿ, ಶಾಯಿ ಹತ್ತುತ್ತದೆ. ಹಳೆಯ ಹತ್ತಿ ಪಂಚೆ ಒಳ್ಳೆಯದು.

ಜೂನೇ ಗತಿಯಾದರೆ ಎರಡು ಮಾತು ನೆನಪಿರಲಿ. ಮಳೆ ಜೋರಾದ ವರ್ಷಗಳಲ್ಲಿ ಜಿಲ್ಲಾಡಳಿತ ಭಾರೀ ಸರಕು ವಾಹನಗಳ ಓಡಾಟಕ್ಕೆ ನಿರ್ಬಂಧ ಹಾಕುತ್ತದೆ, ಆದ್ದರಿಂದ ಲಾರಿ ಗೊತ್ತುಮಾಡುವ ಮುಂಚೆ ಆಗಿನ ಆದೇಶ ವಿಚಾರಿಸಿ, ಹೊರಡುವ ದಿನಕ್ಕೆ ಎರಡು ದಿನದ ಸಡಿಲ ಇಟ್ಟುಕೊಳ್ಳಿ. ಹಾಸಿಗೆ ಬಟ್ಟೆಗಳನ್ನು ಸಣ್ಣ ಕೋಣೆಯಲ್ಲಿ ಹೀಟರ್ ಹಚ್ಚಿ, ಎದುರಲ್ಲೇ ಕುಳಿತು ಒಣಗಿಸಿ. ಕಿಟಕಿ ಎರಡು ಬೆರಳಷ್ಟು ತೆರೆದಿರಬೇಕು, ಇಲ್ಲದಿದ್ದರೆ ಆವಿ ಹೊರಹೋಗದೆ ಗೋಡೆಯಲ್ಲೇ ಇಳಿಯುತ್ತದೆ.

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ತೋಟದೊಳಗೆ ಮನೆ. ಡಾಂಬರು ರಸ್ತೆಯಿಂದ ಒಂದೂವರೆ ಕಿ.ಮೀ. ಮಣ್ಣು ದಾರಿ. ಲಾರಿಯವರು ಬಾಗಿಲವರೆಗೆ ಬರುತ್ತೇವೆ ಎನ್ನುತ್ತಾರೆ. ನಂಬಬಹುದೇ? (ಗೋಣಿಕೊಪ್ಪದ ಓದುಗರು)

ಉತ್ತರ: ದಾರಿಯನ್ನು ಅಳೆದು, ಫೋಟೊ ತೆಗೆದು ಅವರಿಗೆ ಕಳಿಸಿದ ಮೇಲೆ ಅವರೇ ಹೇಳಲಿ. ಮುಚ್ಚಿದ ಕಂಟೇನರ್ ಲಾರಿಗೆ ನೆಲದಿಂದ 11 ಅಡಿಯಾದರೂ ತೆರವು ಬೇಕು. ಸಿಲ್ವರ್ ಓಕ್ ಕೊಂಬೆ, ಜೋತುಬಿದ್ದ ಕರೆಂಟು ತಂತಿ, ಗೇಟಿನ ಕಮಾನು ಇವುಗಳಲ್ಲೇ ಸಿಕ್ಕಿಹಾಕಿಕೊಳ್ಳುವುದು. ಮೋರಿಯ ಮೇಲಿನ ಕಲ್ಲುಚಪ್ಪಡಿ ತುಂಬಿದ ಲಾರಿಯ ಭಾರ ತಾಳುತ್ತದೆಯೇ, ಅಂಗಳದಲ್ಲಿ ತಿರುಗಿಸಲು ಜಾಗವಿದೆಯೇ ನೋಡಿ. ಖಾಲಿ ಲಾರಿ ಇಳಿದು ಬರುತ್ತದೆ, ತುಂಬಿದ್ದು ಅದೇ ಏರು ಹತ್ತಲಾರದೆ ನಿಲ್ಲುತ್ತದೆ. ಹಿಂದಿನ ರಾತ್ರಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದಿದ್ದರೆ ಕೆಂಪು ಮಣ್ಣಿನಲ್ಲಿ ಚಕ್ರ ಸುತ್ತುವುದೇ ಸರಿ.

ನಮ್ಮ ಸಲಹೆ: ಲಾರಿ ಡಾಂಬರು ರಸ್ತೆಯಲ್ಲೇ ನಿಲ್ಲಲಿ, ಮನೆಯಿಂದ ಅಲ್ಲಿಗೆ ಪಿಕಪ್ ಓಡಲಿ. 14 ಅಡಿ ಲಾರಿಯ ಸಾಮಾನಿಗೆ ಪಿಕಪ್ ಎರಡು ಮೂರು ಸಲ ಬರಬೇಕಾಗುತ್ತದೆ. ಎರಡು ಸಲ ಏರಿಸಿ ಇಳಿಸುವುದರಿಂದ ಒಡೆಯುವ ಸಂಭವವೂ ಜಾಸ್ತಿ, ಅದಕ್ಕೆ ಗಾಜು ಪಿಂಗಾಣಿಯ ಪೆಟ್ಟಿಗೆಗಳನ್ನು ಕೊನೆಯ ಸರದಿಗೆ ಇಡಿ. ಈ ಖರ್ಚು ಯಾರದೆಂದು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಮುಂದಿನ ಬಾರಿಗೆ ಒಂದು ಮಾತು: ನವೆಂಬರಿಂದ ಮಾರ್ಚಿಯವರೆಗೆ ಕಾಫಿ ಕುಯ್ಲು. ಆಗ ಹೊರುವ ಆಳುಗಳೂ ಸಿಗುವುದಿಲ್ಲ, ಪಿಕಪ್ಪೂ ಸಿಗುವುದಿಲ್ಲ.

ಪ್ರಶ್ನೆ: ಸುಂಟಿಕೊಪ್ಪದಿಂದ ಮಂಗಳೂರಿಗೆ ಸಂಪಾಜೆ ಘಾಟಿ ಇಳಿದು ಹೋಗಬೇಕು. ಫ್ರಿಡ್ಜ್, ವಾಷಿಂಗ್ ಮೆಷಿನ್, ಇನ್ವರ್ಟರ್ ಹಾಳಾಗದಂತೆ ಒಯ್ಯುವುದು ಹೇಗೆ? (ಸುಂಟಿಕೊಪ್ಪದ ಓದುಗರು)

ಉತ್ತರ: ಫ್ರಿಡ್ಜನ್ನು 24 ಗಂಟೆ ಮುಂಚೆ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ಮಂಜು ಕರಗಿಸಿ. ಹಿಂದೆ ಕೆಳಗಡೆ ನೀರು ಸೇರುವ ತಟ್ಟೆ ಇದ್ದರೆ ಬರಿದು ಮಾಡಿ, ದಾರಿಯಲ್ಲಿ ಬೇರೆ ಪೆಟ್ಟಿಗೆ ನೆನೆಯುವುದು ಆ ನೀರಿನಿಂದಲೇ. ನಿಂತ ಹಾಗೆಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ತಂಪು ಮಾಡುವ ಕೊಳವೆಗಳಿಗೆ ಹರಿಯುತ್ತದೆ, ಆ ಸ್ಥಿತಿಯಲ್ಲಿ ಸ್ವಿಚ್ ಹಾಕಿದರೆ ಕಂಪ್ರೆಸರ್ ಎಣ್ಣೆಯಿಲ್ಲದೆ ತಿರುಗಿ ಕೆಡುತ್ತದೆ. ನಿಲ್ಲಿಸಿಯೇ ತಂದರೂ ನಾಲ್ಕು ಗಂಟೆ ಬಿಟ್ಟು ಚಾಲು ಮಾಡಿ. ಮಲಗಿಸಿ ತಂದಿದ್ದರೆ ಒಂದು ಇಡೀ ದಿನ ನಿಲ್ಲಿಸಿಡಿ.

ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿನ ಡ್ರಮ್ಮು ಸ್ಪ್ರಿಂಗಿನಲ್ಲಿ ತೂಗಾಡುತ್ತಿರುತ್ತದೆ. ಘಾಟಿಯ ಒಂದೊಂದು ತಿರುವಿಗೂ ಅದು ಪಕ್ಕದ ತಗಡಿಗೆ ಬಡಿಯುತ್ತದೆ. ಕೊಂಡಾಗ ಹಿಂಬದಿಯಿಂದ ಬಿಚ್ಚಿದ ಉದ್ದ ಬೋಲ್ಟುಗಳನ್ನು, ಸಾಮಾನ್ಯವಾಗಿ ನಾಲ್ಕು, ಮತ್ತೆ ಹಾಕಿಸಿ. ಕಳೆದುಹೋಗಿದ್ದರೆ ಅದೇ ಕಂಪನಿಯ ಸರ್ವಿಸಿನವರಲ್ಲಿ ಕೇಳಿ. ಕೆಳಗಿನ ಫಿಲ್ಟರ್ ಮುಚ್ಚಳ ತಿರುಗಿಸಿ ಒಳಗುಳಿದ ನೀರು ತೆಗೆಯಿರಿ. ಹೊಸ ಮನೆಯಲ್ಲಿ ಬೋಲ್ಟು ಬಿಚ್ಚದೆ ಒಗೆಯಲು ಹಾಕಿದರೆ ಮೆಷಿನ್ನೇ ಕುಣಿಯುತ್ತದೆ, ಅದಕ್ಕೆ ಬಾಗಿಲ ಮೇಲೆ ಚೀಟಿ ಅಂಟಿಸಿ. ಇನ್ವರ್ಟರ್ ಬ್ಯಾಟರಿಯಲ್ಲಿ ಆಸಿಡ್ ಇರುತ್ತದೆ, ಅದು ಯಾವತ್ತೂ ವಾಲಬಾರದು. ಇನ್ವರ್ಟರನ್ನು ಪೂರ್ತಿ ಬಂದ್ ಮಾಡಿ, ಮೈನಸ್ ತಂತಿ ಮೊದಲು ಕಳಚಿ, ತುದಿಗಳಿಗೆ ಟೇಪು ಸುತ್ತಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಲ್ಲಿಸಿ. ಹಾಸಿಗೆ ಬಟ್ಟೆಯ ಪಕ್ಕ ಇಡಬೇಡಿ.

ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗೆಲ್ಲ ಹೊರೆ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಭಾರದ ಸಾಮಾನು ಡ್ರೈವರ್ ಹಿಂದಿನ ಹಲಗೆಗೆ ಅಂಟಿಕೊಂಡೇ ನಿಲ್ಲಲಿ, ನಡುವೆ ಒಂದು ಗೇಣು ಸಂದು ಬಿಟ್ಟರೂ ಅಷ್ಟು ದೂರ ಬಂದು ಗುದ್ದುತ್ತದೆ. ಸಂದುಗಳಿಗೆ ದಿಂಬು, ಕಂಬಳಿ ತುರುಕಿ. ತೆರೆದ ಲಾರಿಯಾದರೆ ಎರಡು ಟಾರ್ಪಾಲು ಬೇಕಾಗುತ್ತದೆ. ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು, ಹೆಂಚು ಹೊದೆಸಿದ ಹಾಗೆ. ತಿರುಗುಮುರುಗಾದರೆ ಎದುರುಗಾಳಿ ಸಂದಿಗೆ ನುಗ್ಗಿ ಟಾರ್ಪಾಲು ಎತ್ತುತ್ತದೆ, ಮಳೆ ಒಳಗೇ ಸುರಿಯುತ್ತದೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಇದೇ ರಸ್ತೆ ಮುಚ್ಚಿಹೋಗಿತ್ತು. ಮಳೆಗಾಲವಾದರೆ ಹೊರಡುವ ಬೆಳಿಗ್ಗೆ ರಸ್ತೆ ತೆರೆದಿದೆಯೇ ಎಂದು ಕೇಳದೆ ಲಾರಿ ತುಂಬಿಸಬೇಡಿ.

ಪ್ರಶ್ನೆ: ಗ್ಯಾಸು, ಕರೆಂಟು, ಗೃಹಜ್ಯೋತಿ, ಇವನ್ನೆಲ್ಲ ಯಾವಾಗ ಬದಲಿಸಬೇಕು? (ಕುಶಾಲನಗರದ ಓದುಗರು)

ಉತ್ತರ: ದೂರದ ಊರಾದರೆ ಗ್ಯಾಸ್ ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಮುಗಿಸಿದ ಚೀಟಿ) ಪಡೆಯಿರಿ. ಠೇವಣಿ ವಾಪಸು ಬರುತ್ತದೆ, ಹೊಸ ಊರಲ್ಲಿ ಈಗಿನ ದರದ ಠೇವಣಿ ಕಟ್ಟಬೇಕು. ತುಂಬಿದ ಸಿಲಿಂಡರನ್ನು ಸಾಮಾನಿನ ಲಾರಿಗೆ ಹಾಕಲೇಬಾರದು. ಬಾಡಿಗೆ ಮನೆಯವರು ಹೆಚ್ಚಾಗಿ ಮರೆಯುವುದು ಗೃಹಜ್ಯೋತಿಯನ್ನು. ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ (ಕರೆಂಟು ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಬಿಡಿಸದೆ ಹೊಸ ಮೀಟರಿಗೆ ಜೋಡಿಸಲು ಬರುವುದಿಲ್ಲ. ಸೇವಾ ಸಿಂಧು ಪೋರ್ಟಲಿನಲ್ಲಿ ಡಿ-ಲಿಂಕ್ ಮಾಡಿ, ಆಮೇಲೆ ಹೊಸದಕ್ಕೆ ಅರ್ಜಿ ಹಾಕಿ. ಬೀಗದ ಕೈ ಕೊಡುವ ದಿನ ಚೆಸ್ಕಾಂ ಮೀಟರಿನ ಅಂಕಿ ಕಾಣುವಂತೆ ಫೋಟೊ ತೆಗೆದು ಮನೆ ಮಾಲೀಕರಿಗೂ ಕಳಿಸಿ. ಖಾಲಿ ಗೋಡೆಗಳ ಫೋಟೊವೂ ಇರಲಿ. ಹೊರಗೋಡೆಯಿಂದ ನೀರಿಳಿದು ಆದ ಬೂಷ್ಟಿಗೆ ಬಾಡಿಗೆದಾರರ ಮುಂಗಡದಲ್ಲಿ ಮುರಿದುಕೊಳ್ಳುವುದು ನಮ್ಮ ಮಟ್ಟಿಗೆ ಅನ್ಯಾಯ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಕೆಎ-12 ನಂಬರಿನ ವಾಹನಕ್ಕೆ ಕರ್ನಾಟಕದೊಳಗೆ ಹೊಸ ನೋಂದಣಿ ಬೇಡ, ಆರ್‌ಸಿಯಲ್ಲಿ ವಿಳಾಸ ತಿದ್ದಿಸಿದರೆ ಸಾಕು.

ಪ್ರಶ್ನೆ: ಅಜ್ಜನ ಕಾಲದ ಬೀಟೆ ಮಂಚ, ಅಟ್ಟದಲ್ಲಿ ನಾಲ್ಕು ಬೀಟೆ ಹಲಗೆ, ಒಡಿಕತ್ತಿ (ಕೊಡವರ ಅಗಲ ಅಲಗಿನ ಬಾಗು ಕತ್ತಿ), ಕೋವಿ ಇವೆ. ಎಲ್ಲವೂ ಮೈಸೂರಿಗೆ ಹೋಗಬೇಕು. (ಪೊನ್ನಂಪೇಟೆಯ ಓದುಗರು)

ಉತ್ತರ: ಮಂಚವನ್ನು ಬಿಚ್ಚುವ ಮುಂಚೆ ಒಂದೊಂದು ಜೋಡಣೆಯ ಎರಡೂ ಬದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ. ಹಳೆಯ ಬಡಗಿಗಳು ಒಂದೊಂದು ಗೂಟವನ್ನೂ ಅದರದರ ತೂತಿಗೇ ಕೆತ್ತಿರುತ್ತಾರೆ, ಅದಲು ಬದಲಾದರೆ ಕೂರುವುದಿಲ್ಲ. ಬಿಗಿಯಾಗಿದ್ದರೆ ಸುತ್ತಿಗೆಗೆ ಗೋಣಿ ಸುತ್ತಿ ಒಳಗಿನಿಂದ ಮೆಲ್ಲಗೆ ತಟ್ಟಿ. ಕೊಡಗಿನ ತೇವಕ್ಕೆ ಹಿಗ್ಗಿದ ಮರ ಮೈಸೂರಿನ ಒಣಹವೆಗೆ ಕುಗ್ಗುತ್ತದೆ. ಎರಡು ಮೂರು ವಾರ ನೇರ ಬಿಸಿಲಿಗೆ, ಫ್ಯಾನಿನ ಅಡಿಗೆ ಇಡಬೇಡಿ. ಒಮ್ಮೆಲೇ ಒಣಗಿದರೆ ಹಲಗೆ ಸೀಳುತ್ತದೆ. ಬಿಡಿ ಹಲಗೆಗಳ ಮಾತು ಬೇರೆ. ಅವು ಮರದ ಸಾಗಣೆಯ ಲೆಕ್ಕಕ್ಕೆ ಬರುತ್ತವೆ, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಲಾರಿಗೆ ಹಾಕಿದರೆ ತನಿಖಾ ಠಾಣೆಯಲ್ಲಿ ಇಡೀ ಲಾರಿ ನಿಲ್ಲುತ್ತದೆ.

ಕೋವಿ ಪ್ಯಾಕರ್ಸ್‌ನವರ ಕೈಗೆ ಹೋಗಬಾರದು. ಲೈಸೆನ್ಸ್ ಆಗಲಿ, ಲೈಸೆನ್ಸ್ ಬೇಡವೆಂಬ ವಿನಾಯಿತಿ ಪತ್ರವಾಗಲಿ, ಜಿಲ್ಲೆ ಬಿಟ್ಟು ನೆಲೆಸುವ ವಿಷಯ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ತಿಳಿಸಿ, ಅವರು ಹೇಳಿದ ಪ್ರಕಾರ ನೀವೇ ಒಯ್ಯಿರಿ. ಒಡಿಕತ್ತಿಗೆ ತೆಳುವಾಗಿ ಮೆಷಿನ್ ಎಣ್ಣೆ ಸವರಿ, ಒಣ ಹತ್ತಿಬಟ್ಟೆ ದಪ್ಪಗೆ ಸುತ್ತಿ. ಪೀಚೆಕತ್ತಿಯಿದ್ದರೆ (ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ) ಒರೆಯಿಂದ ತೆಗೆದು ಬೇರೆಯಾಗಿಯೇ ಸುತ್ತಬೇಕು, ಒರೆಯೊಳಗಿನ ಪಸೆ ಅಲಗಿಗೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಅಡುಗೆಮನೆಯ ಸಾಮಾನು, ಅದರಲ್ಲೂ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ), ಉಪ್ಪಿನಕಾಯಿ ಭರಣಿ ಒಯ್ಯುವುದು ಹೇಗೆ? (ವಿರಾಜಪೇಟೆಯ ಓದುಗರು)

ಉತ್ತರ: ಭರಣಿಯಲ್ಲಿ ಉಪ್ಪಿನಕಾಯಿ ತುಂಬಿ ಒಯ್ಯಬೇಡಿ. ತಿರುಪು ಮುಚ್ಚಳದ ಡಬ್ಬಿಗೆ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿಮಾಡಿ. ಖಾಲಿ ಭರಣಿಯೊಳಗೆ ಬಟ್ಟೆ ತುರುಕಿ ನಿಲ್ಲಿಸಿ ಕಟ್ಟಿ. ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವ ಒರಳಿನ ಸಂದಿನಲ್ಲಿ ಹಿಟ್ಟು ಉಳಿದಿದ್ದರೆ ದಾರಿಯಲ್ಲೇ ಹುಳಿತು ಇರುವೆ ಹತ್ತುತ್ತದೆ, ತೊಳೆದು ಎರಡು ದಿನ ಒಣಗಿಸಿ. ಕಾಫಿಪುಡಿ ಬೇರೆ ವಾಸನೆ ಹೀರುತ್ತದೆ, ಅದನ್ನು ಸೋಪಿನ ಪೆಟ್ಟಿಗೆಯಿಂದ ದೂರವಿಡಿ.

ಕಾಚಂಪುಳಿಯನ್ನು ಗಾಜಿನ ಸೀಸೆಯಲ್ಲೇ ಒಯ್ಯಬೇಕು. ಅದರ ಹುಳಿ ತಗಡಿನ ಮುಚ್ಚಳವನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಮುಚ್ಚಳ ಅಥವಾ ಬಿರಡೆ ಹಾಕಿ. ಮೇಲೆ ಎರಡು ಬೆರಳು ಜಾಗ ಬಿಟ್ಟು, ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬದೊಳಗೆ ನಿಲ್ಲಿಸಿ, ಸುತ್ತ ಅಕ್ಕಿ ಸುರಿಯಿರಿ. ಒಡೆದರೆ ಆ ಅಕ್ಕಿಯನ್ನು ಚೆಲ್ಲಿಬಿಡಿ, ಗಾಜಿನ ಚೂರು ಸೇರಿರುತ್ತದೆ. ಆ ಕಪ್ಪು ಕಲೆ ಬಟ್ಟೆಯಿಂದ ಹೋಗುವುದು ಕಷ್ಟ, ಆದ್ದರಿಂದ ಈ ಡಬ್ಬವನ್ನು, ಹಾಲುಕ್ಕಿಸುವ ಪಾತ್ರೆಯ ಜೊತೆ, ನಿಮ್ಮ ಕಾರಿನಲ್ಲೇ ಕಾಲ ಬಳಿ ಇಟ್ಟುಕೊಳ್ಳಿ.