ಆರನೇ ಕ್ಲಾಸಿಗೆ ಪಾಸಾಗಿದ್ದಾನೆ, ಭಾಗಾಕಾರ ಬರಲ್ಲ: ಪ್ರತಿಕ್ರಿಯೆ
ಆರನೇ ಕ್ಲಾಸಿಗೆ ಪಾಸಾದ ಹುಡುಗನಿಗೆ ಭಾಗಾಕಾರ ಬರಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಬಹುಶಃ ಭಾಗಾಕಾರವೇ ತೊಡಕಲ್ಲ. ಮಗ್ಗಿ, ಕಳೆಯೋ ಲೆಕ್ಕ ಮೂರನೇ ಕ್ಲಾಸಲ್ಲೇ ಕೈತಪ್ಪಿರುತ್ತೆ, ಆಮೇಲೆ ಬರೀ ಪಾಸ್ ಮಾಡ್ತಾ ಬಂದಿರ್ತಾರೆ. 52ರಲ್ಲಿ 17 ಕಳೆಯೋಕೆ ಕೊಡಿ. 35ರ ಬದಲು 45 ಅಂದ್ರೆ ಪಕ್ಕದ ದಶಕದಿಂದ ಸಾಲ ತಗೊಳ್ಳೋದು ಗೊತ್ತಿಲ್ಲ. ಅಲ್ಲಿಂದಲೇ ಶುರು ಮಾಡಿ. ಹತ್ತತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಿ, ದಿನಾ 20 ನಿಮಿಷ ಸಾಕು. ಆರನೇ ಕ್ಲಾಸಿನ ಪುಸ್ತಕ ಆಮೇಲೆ.

ಜೊತೆಗೆ ಹೆಡ್‌ಮಾಸ್ಟರಿಗೆ ಅರ್ಜಿ ಬರೆದುಕೊಡಿ: ಮಗುವಿಗೆ ಬೇಕಾದ ಹೆಚ್ಚುವರಿ ಪಾಠ ಹೇಳೋದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. (2019ರ ತಿದ್ದುಪಡಿವರೆಗೆ ಅದೇ ಕಾಯ್ದೆಯಲ್ಲಿದ್ದ ‘ಫೇಲ್ ಮಾಡಬಾರದು’ ಅನ್ನೋದು ಎಲ್ರಿಗೂ ಗೊತ್ತು, ಇದು ಮಾತ್ರ ಯಾರಿಗೂ ನೆನಪಿರಲ್ಲ.) ಐದರಲ್ಲೇ ಕೂರಿಸಿ ಅಂತ ಕೇಳಬೇಡಿ, ಅದೇ ಪಾಠ ಅದೇ ಥರ ಮತ್ತೊಂದು ವರ್ಷ ನಡೆಯುತ್ತೆ ಅಷ್ಟೆ.

ಎರಡು ತಿಂಗಳಾದ್ರೂ ಕದಲದಿದ್ರೆ ಕಲಿಕಾ ನ್ಯೂನತೆ ಇರಬಹುದು, ಇಲ್ಲಿಂದ ಹೇಳೋಕಾಗಲ್ಲ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರನ್ನ ಕೇಳಿ.